ನಡುವೆ ನಿಂತವರ ಧರ್ಮ

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರು ಅದರಲ್ಲಿ ಎಷ್ಟನ್ನು ಬಿಡಬಹುದು? ಪೂರ್ತಿ ಹೇಳುತ್ತ ಕೂತರೆ ಕೇಳುವವರಿಗೆ ಪುರುಸೊತ್ತಿಲ್ಲ. ಚುಟುಕಾಗಿ ಹೇಳಿದರೆ ಮಾತು ಕೊಟ್ಟವರಿಗೆ ಅನ್ಯಾಯ. ಮನೆಯೊಳಗೆ ಈ ಕೆಲಸ ಬೀಳುವುದು ಹೆಚ್ಚಾಗಿ ಹೆಂಗಸರ ಪಾಲಿಗೇ. ಮಾವನ ಮಾತು ಗಂಡನಿಗೆ, ಗಂಡನ ಮಾತು ಮಗನಿಗೆ, ಮಗಳ ಮಾತು ಎಲ್ಲರಿಗೆ. ಹೊತ್ತು ತಿರುಗುವವರು ನಾವು. ಆದರೆ ಇದಕ್ಕೂ ಒಂದು ಧರ್ಮವಿದೆ ಎಂದು ನಮಗೆ ಯಾರೂ ಕಲಿಸಿಕೊಡಲಿಲ್ಲ.

ಭಟ್ಕಳ ತಾಲೂಕಿನ ನಮ್ಮ ಬೆಳಕೆಯ ಕಡೆ ಈ ಪ್ರಶ್ನೆ ಇನ್ನಷ್ಟು ದೊಡ್ಡದು. ಈ ಸೀಮೆಯ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲವೂ ಒಟ್ಟಿಗೇ ಓಡಾಡುತ್ತವೆ. ನಮಗೆ ಪರಿಚಯದ ಅಜ್ಜಿಯೊಬ್ಬರಿಗೆ ನವಾಯತಿ ಬಿಟ್ಟರೆ ಬೇರೆ ಭಾಷೆ ಬಾರದು. ಮೆಟ್ಟಿಲು ಹತ್ತಿದಾಗ ಎದೆ ಉರಿಯುತ್ತದೆ, ಕೂತರೆ ಶಮನವಾಗುತ್ತದೆ ಎಂದು ಅವರು ಸೊಸೆಗೆ ಹೇಳಿದರು. ಸೊಸೆ ಅದನ್ನು ಜೊತೆಗೆ ಬಂದ ಹುಡುಗನಿಗೆ ಹೇಳಿದಳು. ಹುಡುಗ ಡಾಕ್ಟರಿಗೆ ಹೇಳುವಷ್ಟರಲ್ಲಿ ಉಳಿದದ್ದು ‘ಎದೆ ಉರಿ’ ಎಂಬ ಎರಡೇ ಶಬ್ದ. ಗ್ಯಾಸಿನ ಮಾತ್ರೆ ಸಿಕ್ಕಿತು. ಕೆಲವು ದಿನಗಳ ನಂತರ ಬೇರೊಬ್ಬ ಡಾಕ್ಟರು ಅಜ್ಜಿಯ ಭಾಷೆಯಲ್ಲೇ ವಿಚಾರಿಸಿದಾಗ ಮೆಟ್ಟಿಲಿನ ಸಂಗತಿ ಹೊರಬಿತ್ತು. ತೊಂದರೆ ಇದ್ದದ್ದು ಹೃದಯದಲ್ಲಿ. ಹುಡುಗ ಕೆಟ್ಟವನಲ್ಲ, ಸುಳ್ಳನ್ನೂ ಹೇಳಲಿಲ್ಲ. ಮೆಟ್ಟಿಲು ಮುಖ್ಯವೆಂದು ಅವನಿಗೆ ಅನ್ನಿಸಲಿಲ್ಲ, ಅಷ್ಟೇ.

ಈ ವಿಚಾರ ನನ್ನ ತಲೆಯಲ್ಲಿ ಕೊರೆಯುತ್ತಿದ್ದಾಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ರಜೆಗೆ ಬಂದಳು. ನೀನು ಮಾಡುವುದಾದರೂ ಏನು ಎಂದು ಕೇಳಿದೆ. “ನಾನೂ ನಡುವೆ ನಿಂತು ಮಾತು ದಾಟಿಸುವವಳೇ ಅಮ್ಮ” ಎಂದಳು.

ಅವಳು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಹೀಗೆ. ಜಿಪಿಯು ಎಂಬ ಚಿಪ್ ಮೊದಲು ಹುಟ್ಟಿದ್ದು ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕೆ. ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಒಟ್ಟಿಗೇ ಮಾಡುವುದು ಅದರ ಹೆಚ್ಚುಗಾರಿಕೆ. ಹೀಗಾಗಿ ಇಂದು ಹವಾಮಾನದ ಲೆಕ್ಕದಿಂದ ಹಿಡಿದು ಕೃತಕ ಬುದ್ಧಿಮತ್ತೆಯವರೆಗೆ ಎಲ್ಲದಕ್ಕೂ ಅದು ಬೇಕು. ಆದರೆ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಚಿಪ್‌ಗಳು ಒಂದೊಂದೂ ಒಂದೊಂದು ಭಾಷೆಯವು. ಮನುಷ್ಯರು ಬರೆದದ್ದನ್ನು ಚಿಪ್ಪಿನ ಭಾಷೆಗೆ ತರುವುದು ಕಂಪೈಲರಿನ ಕೆಲಸ. ಪ್ರತಿ ಚಿಪ್ಪಿಗೂ ಮೊದಲಿನಿಂದ ಅನುವಾದಿಸುವ ಬದಲು, ಯಾವ ಕಂಪನಿಗೂ ಸೇರದ ಒಂದು ನಡುವಿನ ರೂಪಕ್ಕೆ ಮೊದಲು ಇಳಿಸಿ, ಅಲ್ಲಿಂದ ಆಯಾ ಚಿಪ್ಪಿಗೆ ಇಳಿಸುತ್ತಾರೆ. ಇದಕ್ಕೆ ‘ಇಳಿಸುವುದು’ ಎಂದೇ ಹೆಸರು. ಅಂಥ ಒಂದು ನಡುವಿನ ರೂಪ ಕ್ರೋನಾಸ್ ಒಕ್ಕೂಟ 2015ರಲ್ಲಿ ತಂದ ಸ್ಪಿರ್-ವಿ. ಹಂತ ಹಂತವಾಗಿ ಇಳಿಸಲು ಅನುಕೂಲವಾಗುವಂತೆ ಕಟ್ಟಿದ್ದು 2019ರಲ್ಲಿ ಗೂಗಲ್ ಹೊರತಂದ ಎಂಎಲ್‌ಐಆರ್. ಅದನ್ನು ಕಟ್ಟಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉದಯ್ ಬೊಂಡುಗುಲ ಅವರೂ ಒಬ್ಬರು.

“ಒಂದೇ ಸಲ ಕೆಳಕ್ಕೆ ಇಳಿಸಿಬಿಟ್ಟರೆ ಆಗದೇ? ಹಂತ ಯಾಕೆ?” ಎಂದೆ. ಅವಳು ಅಡುಗೆಮನೆಯ ಡಬ್ಬಿಯತ್ತ ಕೈ ತೋರಿಸಿದಳು. “ನನಗೆ ಊರಿಂದ ಕಳಿಸುವಾಗ ಅಕ್ಕಿಯನ್ನೇ ಯಾಕೆ ಕಳಿಸುತ್ತೀ, ಹಿಟ್ಟು ಮಾಡಿ ಯಾಕೆ ಕಳಿಸುವುದಿಲ್ಲ?” ಅಕ್ಕಿಯಿದ್ದರೆ ಅನ್ನ ಮಾಡಬಹುದು, ನೆನೆಸಿ ರುಬ್ಬಿ ನೀರುದೋಸೆ ಹೊಯ್ಯಬಹುದು, ಕಡುಬು ಬೇಯಿಸಬಹುದು. ಹಿಟ್ಟಾದ ಮೇಲೆ ಅನ್ನದ ದಾರಿ ಮುಚ್ಚಿತು. ಅಲ್ಲಿ ಏನು ಅಡುಗೆ ಎಂದು ನಮಗೆ ಗೊತ್ತಿಲ್ಲದಿರುವಾಗ ಇಲ್ಲಿಂದಲೇ ಬೀಸಿ ಕಳಿಸಬಾರದು.

ಇನ್ನೊಂದು ಸಂಗತಿಯನ್ನೂ ಹೇಳಿದಳು. ಚಿಪ್ಪಿನೊಳಗೆ ಲೆಕ್ಕಗಳು ತಂಡ ಕಟ್ಟಿಕೊಂಡು ಹೆಜ್ಜೆ ಹಾಕುತ್ತವೆ. ಎನ್‌ವಿಡಿಯಾದಲ್ಲಿ ತಂಡಕ್ಕೆ 32, ಎಎಂಡಿಯ ಹಲವು ಚಿಪ್‌ಗಳಲ್ಲಿ 64. ನಡುವಿನ ರೂಪದಲ್ಲೇ 32 ಎಂದು ಬರೆದುಬಿಟ್ಟರೆ ಇನ್ನೊಂದು ಮನೆಯಲ್ಲಿ ಲೆಕ್ಕ ತಪ್ಪಬಹುದು. ಆದ್ದರಿಂದ ‘ಇಲ್ಲಿ ತಂಡಕ್ಕೆ ಎಷ್ಟು?’ ಎಂಬ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಕಳಿಸಬಹುದು. ಉತ್ತರ ಆ ಮನೆಯದು. ತನಗೆ ಯಾವ ಯಾವ ಸೌಲಭ್ಯ ಬೇಕು ಎಂದು ಸ್ಪಿರ್-ವಿಯ ಪ್ರತಿ ಬರಹವೂ ಮೊದಲಿಗೇ ಹೇಳಿಕೊಳ್ಳುತ್ತದೆ. ಆ ಸೌಲಭ್ಯ ಇಲ್ಲದ ಚಿಪ್ಪಿಗೆ ಇಳಿಸಲು ಹೊರಟರೆ, ಬೇರೆ ದಾರಿಯಿಲ್ಲದಾಗ, ಕಂಪೈಲರು ‘ಇದು ಇಲ್ಲಿ ಆಗುವುದಿಲ್ಲ’ ಎಂದು ಹೇಳಿ ನಿಲ್ಲಬೇಕು. ತೋಚಿದ್ದನ್ನು ತುಂಬಿ ಮುಂದಕ್ಕೆ ಕಳಿಸುವಂತಿಲ್ಲ. ರೂಪ ಎಷ್ಟು ಬದಲಾದರೂ ಸರಿ, ಅರ್ಥ ಬದಲಾಗಕೂಡದು.

ಯಂತ್ರಕ್ಕೆ ಇರುವ ಈ ಕಟ್ಟಳೆ ನಮಗಿದೆಯೇ? ನಮ್ಮ ಪರಿಚಯದ ಮನೆಯೊಂದರಲ್ಲಿ ಹುಡುಗಿಗೆ ಒಂದು ಸಂಬಂಧ ಬಂತು. ತನಗೆ ಒಪ್ಪಿಗೆಯಿಲ್ಲ ಎಂದು ಅವಳು ತಾಯಿಗೆ ಸ್ಪಷ್ಟವಾಗಿ ಹೇಳಿದಳು. ತಾಯಿ ಅತ್ತೆಗೆ, ‘ಈಗಲೇ ಬೇಡ ಅನ್ನುತ್ತಾಳೆ’ ಎಂದಳು. ಅತ್ತೆ ಮಗನಿಗೆ, ‘ಸ್ವಲ್ಪ ಹೆದರಿಕೆ, ಸರಿಹೋಗುತ್ತದೆ’ ಎಂದರು. ಗಂಡಿನ ಕಡೆಯವರಿಗೆ ತಲುಪಿದ್ದು ‘ನೋಡೋಣ’. ಅವರು ನಿಶ್ಚಿತಾರ್ಥಕ್ಕೆ ದಿನ ನೋಡಿಸಿಕೊಂಡು ಬಂದಾಗ ಹುಡುಗಿಯೇ ಎಲ್ಲರ ಎದುರು ನಿಂತು ಬೇಡ ಎನ್ನಬೇಕಾಯಿತು. ಹಠಮಾರಿ ಎಂಬ ಹೆಸರು ಬಂದದ್ದು ಅವಳಿಗೆ. ಮಾತನ್ನು ಮೆತ್ತಗೆ ಮಾಡುತ್ತ ಬಂದವರನ್ನು ಯಾರೂ ಏನೂ ಅನ್ನಲಿಲ್ಲ.

ಮೆತ್ತಗೆ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಖಾರ ಕಡಿಮೆ ಮಾಡದಿದ್ದರೆ ಎಷ್ಟೋ ಮನೆಗಳು ಒಡೆದುಹೋಗುತ್ತಿದ್ದವು. ಕೋಪದಲ್ಲಿ ಆಡಿದ ಬೈಗುಳವನ್ನು ದಾಟಿಸದೆ ನುಂಗಿಕೊಂಡ ಅತ್ತಿಗೆ ನಾದಿನಿಯರಿಗೆ ನಾವೆಲ್ಲ ಋಣಿಗಳು. ಬೈಗುಳ ಬಿಟ್ಟರೂ ಮಾತಿನ ಅರ್ಥ ಉಳಿಯುತ್ತದೆ. ‘ಬೇಡ’ ಎಂಬುದು ‘ನೋಡೋಣ’ ಆದಾಗ ಉಳಿಯುವುದಿಲ್ಲ. ಅತ್ತಲಿಂದ ಕೇಳುವವರು ಎಷ್ಟೇ ಒಳ್ಳೆಯವರಾಗಿರಲಿ, ‘ನೋಡೋಣ’ದಿಂದ ‘ಬೇಡ’ವನ್ನು ಮತ್ತೆ ಹೆಕ್ಕಿ ತೆಗೆಯಲಾರರು. ಹಿಟ್ಟಿನಿಂದ ಅಕ್ಕಿ ಮಾಡಿದವರುಂಟೇ?

ಹಾಗಾಗಿ ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಮಾತು ದಾಟಿಸುವ ಮೊದಲು, ಇದರಲ್ಲಿ ನಾನು ಬಿಡುತ್ತಿರುವುದು ಮುಂದಿನವರಿಗೆ ಬೇಕಾಗಬಹುದೇ ಎಂದು ಕೇಳಿಕೊಳ್ಳುವುದು. ತಿಳಿಯದಿದ್ದರೆ ಬಿಡದೇ ಇರುವುದು. ಈ ಮನೆಯಲ್ಲಿ ಈ ಮಾತಿಗೆ ಜಾಗವೇ ಇಲ್ಲ ಎನ್ನಿಸಿದರೆ, ಬೇರೊಂದು ಮಾತನ್ನು ಅದರ ಜಾಗಕ್ಕೆ ಕೂರಿಸದೆ ಹಿಂದಕ್ಕೆ ಹೋಗಿ ಹಾಗೆಂದು ತಿಳಿಸುವುದು. ಸುಲಭವೇನಲ್ಲ, ನಡುವೆ ನಿಂತವಳಿಗೆ ಎರಡೂ ಕಡೆಯ ಸಿಟ್ಟು ತಪ್ಪದು. ಆದರೂ ಆ ಸಿಟ್ಟು ನಾಲ್ಕು ದಿನದ್ದು. ಹುಡುಗಿಗೆ ಅಂಟಿದ ಹೆಸರು ಇನ್ನೂ ಹೋಗಿಲ್ಲ.