ಮಾದಪ್ಪನಾಣೆ ಮತ್ತು ಮನೆ ವ್ಯಾಪಾರ

ಕೊಳ್ಳೇಗಾಲದ ಟೀ ಅಂಗಡಿಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಕೂತವರ ಪೈಕಿ ಒಬ್ಬರಾದರೂ ಬ್ರೋಕರ್ ಇರುತ್ತಾರೆ. ಬೋರ್ಡಿಲ್ಲ, ಆಫೀಸಿಲ್ಲ, ಕೈಯಲ್ಲಿ ಎರಡು ಫೋನು, ಜೇಬಿನಲ್ಲಿ ಯಾವುದೋ ಖಾತೆಯ ಮಡಿಸಿದ ಜೆರಾಕ್ಸು. ಬಂಡವಾಳವೆಲ್ಲ ಬೇರೆಯವರ ಮಾತು. ಮುಡಿಗುಂಡದ ಕಡೆಯ ಹಳೇ ಹೆಂಚಿನ ಮನೆಯೊಂದಕ್ಕೆ ಯಾರೋ 32 ಲಕ್ಷ ಅಂದರು ಎಂದಿಟ್ಟುಕೊಳ್ಳಿ. ಬ್ರೋಕರ್ ಅದನ್ನು ಮನೆಯವನಿಗೆ ಮುಟ್ಟಿಸುವುದು ಹೀಗೆ: “ಪಾರ್ಟಿ ಗಟ್ಟಿ ಅದ ಕಣಣ್ಣ, ಮೂವತ್ತರ ಮ್ಯಾಕ್ಕೆ ಎಳೀಬೌದು.” ಮನೆಯವನು “ನೋಡವ ಬುಡು” ಅನ್ನುತ್ತಾನೆ. ಆ ‘ನೋಡವ’ ಕೊಳ್ಳುವವನ ಕಿವಿಗೆ ಬೀಳುವಷ್ಟರಲ್ಲಿ “ಹೆಚ್ಚೂಕಮ್ಮಿ ಒಪ್ಕಂಡವ್ರೆ, ಅಡ್ವಾನ್ಸ್ ರೆಡಿ ಮಾಡ್ಕಳಿ” ಆಗಿರುತ್ತದೆ. ವಾರ ಕಳೆದ ಮೇಲೆ ಮನೆ 34ಕ್ಕೆ ಇನ್ನೊಬ್ಬರ ಪಾಲಾದರೆ ಮೊದಲಿನವನು ಮಾತಿಗೆ ತಪ್ಪಿದರೆಂದು ಕೂಗಾಡುತ್ತಾನೆ. ಮನೆಯವನಿಗೆ ಆಶ್ಚರ್ಯ: ನಾನು ಯಾವಾಗ ಮಾತು ಕೊಟ್ಟೆ?

ಇಬ್ಬರೂ ಪ್ರಾಮಾಣಿಕರೇ. ಒಬ್ಬ ಮಾತು ಪಡೆದಿದ್ದಾನೆ, ಇನ್ನೊಬ್ಬ ಕೊಟ್ಟೇ ಇಲ್ಲ. ಕೊಡದ ಮಾತು ಪಡೆದವನ ಕೈಗೆ ಬಂದದ್ದಾದರೂ ಹೇಗೆ? ಧರ್ಮಶಾಸ್ತ್ರದವರೂ ತತ್ತ್ವಶಾಸ್ತ್ರದವರೂ ತಲೆಕೆಡಿಸಿಕೊಂಡ ಪ್ರಶ್ನೆಯೇ ಇದು.

ಈ ಸೀಮೆಯಲ್ಲಿ ಇಂಥ ತಕರಾರಿಗೆ ಕೈಗೆ ಸಿಗುವ ಮೊದಲ ಔಷಧಿ ಆಣೆ. ಹನೂರು, ಕೊಳ್ಳೇಗಾಲದ ಕಡೆ ಮಾದಪ್ಪನಾಣೆ. ಯಳಂದೂರಿನ ಕಡೆ ಬಿಳಿಗಿರಿ ರಂಗಪ್ಪನೂ ನೆನಪಾಗಬಹುದು. ಆಣೆ ಇಟ್ಟರೆ ಮಾತು ಗಟ್ಟಿಯಾಯಿತು ಎಂಬ ನಂಬಿಕೆ. ಆದರೆ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯವನ್ನೇ ಗಮನವಿಟ್ಟು ಕೇಳಿದರೆ ಈ ನಂಬಿಕೆ ಅಲುಗಾಡುತ್ತದೆ.

ಸಂಕಮ್ಮನ ಸಾಲಿನ ಕತೆ ಅಲ್ಲಿದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿ ಸಂಕಮ್ಮನ ಮುಂದೆ ಕೈ ಚಾಚುತ್ತಾನೆ: ನಾನು ಬರುವ ತನಕ ಪರಪುರುಷರ ನೆರಳು ಸೋಕಿಸಿಕೊಳ್ಳುವುದಿಲ್ಲ ಎಂದು ಬಲಗೈ ಭಾಷೆ ಕೊಡು. ಅವಳು ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಕೊಡದೆ ಹೋದವಳಲ್ಲ. ಗಂಡನೆಂಬವನು ಹೆಂಡತಿಯಿಂದ ಅಂಥ ಭಾಷೆ ಕೇಳುವುದೇ ಅವಳಿಗೆ ಒಪ್ಪಿಗೆಯಿಲ್ಲ. ಅದಕ್ಕಾಗಿ ಚಿತ್ರಹಿಂಸೆ ಅನುಭವಿಸುತ್ತಾಳೆ, ಕಾಡಿನ ಗುಡಿಸಲಲ್ಲಿ ಸೆರೆಯಾಗುತ್ತಾಳೆ. ಕೊನೆಗೆ ಅವಳ ಮೊರೆ ಕೇಳಿ ಬರುವವನು ಮಾದಪ್ಪ. ಅವನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು. ಇಂದು ಯಾರ ಹೆಸರಿನಲ್ಲಿ ಆಣೆ ಹಾಕಿ ಸೈಟು, ಮನೆಗಳ ವ್ಯಾಪಾರ ಕುದುರಿಸುತ್ತಾರೋ ಆ ದೇವರು, ಕತೆಯಲ್ಲಿ ಭಾಷೆ ಕೇಳಿದವನ ಕಡೆ ನಿಲ್ಲಲಿಲ್ಲ. ಕೊಡಲೊಲ್ಲೆ ಎಂದವಳ ಕಡೆ ನಿಂತ.

ಆಣೆ ಕೇಳುವುದರಲ್ಲೇ ಅಪನಂಬಿಕೆಯಿದೆ ಎಂಬುದನ್ನು ಸಂಕಮ್ಮ ಕಂಡುಕೊಂಡಿದ್ದಳು. ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ಓದುವ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ ಎನ್ನುತ್ತಾನೆ. ಕುರ್‌ಆನಿನದು ಇನ್ನೂ ವ್ಯವಹಾರಸ್ಥ ದಾರಿ. ಅದರ ಅತಿ ಉದ್ದದ ವಚನ, ಎರಡನೇ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ವಿವರವಾಗಿ ಹೇಳುತ್ತದೆ.

ಒಂದು ಕಾಲದಲ್ಲಿ ಸರ್ಕಾರವೂ ಆಣೆಯನ್ನು ನಂಬಿತ್ತು. 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಇಲ್ಲಿಗೂ ಅನ್ವಯಿಸುತ್ತಿದ್ದ ಬ್ರಿಟಿಷ್ ಇಂಡಿಯಾದ 1873ರ ಪ್ರಮಾಣವಚನ ಕಾಯ್ದೆಯಲ್ಲಿ ವಿಚಿತ್ರವಾದ ಅವಕಾಶವೊಂದಿತ್ತು. ಎದುರುಪಾರ್ಟಿ ಇಂಥ ರೀತಿಯಲ್ಲಿ ಪ್ರಮಾಣ ಮಾಡಿ ಹೇಳಿದರೆ ನಾನು ಅದಕ್ಕೆ ಬದ್ಧ ಎಂದು ಕಕ್ಷಿದಾರ ಕೋರ್ಟಿನಲ್ಲಿ ಒಪ್ಪಿಕೊಳ್ಳಬಹುದಿತ್ತು. ಹಾಗೆ ಪ್ರಮಾಣ ನಡೆದರೆ ಅವನ ಪಾಲಿಗೆ ಅದೇ ಕೊನೆಯ ಸಾಕ್ಷ್ಯ, ಮುಂದೆ ವಾದವಿಲ್ಲ. 1969ರ ಹೊಸ ಕಾಯ್ದೆ ಈ ಅವಕಾಶವನ್ನು ಕೈಬಿಟ್ಟಿತು.

ಕೋರ್ಟು ಬಿಟ್ಟರೂ ಜನ ಬಿಟ್ಟಿಲ್ಲ. ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಗಳ ಮುಂದೆ ಪ್ರಮಾಣಕ್ಕೆಂದು ಕರಾವಳಿಯವರು ಇಂದಿಗೂ ಹೋಗುತ್ತಾರೆ. 2011ರ ಜೂನ್ 27ರಂದು ಯಡಿಯೂರಪ್ಪ ಮತ್ತು ಕುಮಾರಸ್ವಾಮಿ ಆಣೆಯ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದದ್ದು, ಮಂಜುನಾಥನ ದರ್ಶನ ಮಾಡಿ ಆಣೆ ಹಾಕದೆ ವಾಪಸಾದದ್ದು ಕನ್ನಡಿಗರಿಗೆ ಮರೆತಿರಲಾರದು. ದೇವರ ಭಯಕ್ಕಿಂತ ಮಿಗಿಲಾಗಿ ನೆರೆದ ಕ್ಯಾಮೆರಾಗಳ ಭಯ ಇದ್ದಿರಬೇಕು ಎಂದು ಕುಹಕಿಗಳು ಹೇಳಿಯಾರು. ಕುಹಕದಲ್ಲೂ ಹುರುಳಿದೆ: ಮಾತಿನ ತೂಕ ಎಷ್ಟು ಜನ ಕೇಳಿಸಿಕೊಂಡರು ಎಂಬುದರ ಮೇಲೂ ನಿಂತಿದೆ.

ಕಲ್ಯಾಣದ ವಿಜ್ಞಾನೇಶ್ವರ ಇದನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದ್ದ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಬರೆದ ಮಿತಾಕ್ಷರವೆಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ, ಭೂಮಿ ಕೈ ಬದಲಾಗಲು ಆರು ಬೇಕು ಎಂಬ ಹಳೆಯ ಸ್ಮೃತಿವಾಕ್ಯದ ಚರ್ಚೆ ಬರುತ್ತದೆ: ಊರವರ, ನೆಂಟರ, ನೆರೆಹೊರೆಯವರ, ದಾಯಾದಿಗಳ ಒಪ್ಪಿಗೆ, ಜೊತೆಗೆ ಚಿನ್ನ ಮತ್ತು ನೀರು. ಹಾಗಾದರೆ ಊರವರು ಒಪ್ಪದಿದ್ದರೆ ಮಾರಾಟ ಬಿದ್ದುಹೋಗುತ್ತದೆಯೇ? ಇಲ್ಲ ಎನ್ನುತ್ತಾನೆ. ಊರವರು ಬೇಕಾಗಿರುವುದು ವ್ಯವಹಾರ ಬೆಳಕಿಗೆ ಬರಲಿ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು. ನೆರೆಯವರು ಬೇಕಾಗಿರುವುದು ಗಡಿಯ ಜಗಳ ಬಾರದಿರಲಿ ಎಂದು. ಇವತ್ತಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸದಲ್ಲಿ ಅರ್ಧ ಪಾಲು ಇದೇ.

ಜರ್ಮನಿಯ ತತ್ತ್ವಜ್ಞಾನಿ ಅಡಾಲ್ಫ್ ರೈನಾಖ್ 1913ರಲ್ಲಿ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದ. ಸಿಟ್ಟೋ ನಿರ್ಧಾರವೋ ಮನಸ್ಸಿನೊಳಗೇ ಪೂರ್ತಿಯಾಗಬಹುದು. ಮಾತು ಕೊಡುವುದು ಹಾಗಲ್ಲ, ಅದನ್ನು ಪಡೆಯುವವನು ಕೇಳಿಸಿಕೊಳ್ಳಲೇಬೇಕು ಎಂಬುದು ಅವನ ವಾದ. ಕೇಳಿಸಿಕೊಂಡ ಕ್ಷಣದಲ್ಲಿ ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಹೊಣೆ ಹುಟ್ಟುತ್ತದೆ. ಟೀ ಅಂಗಡಿಯ ವ್ಯಾಪಾರದ ತೊಡಕು ಇಲ್ಲೇ ಇದೆ. ಮನೆಯವನ ‘ನೋಡವ’ವನ್ನು ಕೇಳಿಸಿಕೊಂಡದ್ದು ಬ್ರೋಕರ್ ಮಾತ್ರ. ಕೊಳ್ಳುವವನ ಕಿವಿಗೆ ಬಿದ್ದದ್ದು ಬ್ರೋಕರನ ದನಿ, ಬ್ರೋಕರನ ತೂಕ. ಅಶ್ವತ್ಥಾಮನ ಹೆಸರಿನ ಆನೆ ಸತ್ತಾಗ ಧರ್ಮರಾಯ ಆಡಿದ ಮಾತಿನಂತೆ ಇಲ್ಲೂ ಪ್ರತಿಯೊಂದು ಶಬ್ದ ಸರಿ. ಕೇಳಿದವನಿಗೆ ಆದದ್ದು ಮೋಸ. “ಇನ್ನೊಂದು ಪಾರ್ಟಿ ಅದ” ಎನ್ನುವುದೂ ಇದೇ ಜಾತಿಯದು. ಪಾರ್ಟಿ ಇರುತ್ತದೆ. ಕೊಳ್ಳುವ ಮನಸ್ಸು ಇರುತ್ತದೋ ಇಲ್ಲವೋ.

ಈಗಿನ ಕಾನೂನು ಬಾಯಿಮಾತನ್ನು ಪೂರ್ತಿ ತಳ್ಳಿಹಾಕಿಲ್ಲ ಎಂದರೆ ಹಲವರು ನಂಬುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿಯಾದ ಪತ್ರ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ, ನಿಜ. ಆದರೆ ಮುಂದೆ ಮಾರುತ್ತೇನೆ ಎಂಬ ಕರಾರು ಬಾಯಲ್ಲೂ ಆಗಬಹುದು. ಇಂಗ್ಲೆಂಡಿನಲ್ಲಿ 1677ರಲ್ಲೇ ಜಮೀನಿನ ಕರಾರಿಗೆ ಬರವಣಿಗೆ ಬೇಕೆಂದಾಗಿತ್ತು, ನಮ್ಮಲ್ಲಿ ಹಾಗಾಗಲಿಲ್ಲ. ಬ್ರಿಜ್ ಮೋಹನ್ ವಿರುದ್ಧ ಸುಗ್ರಾ ಬೇಗಂ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಾಯಿಮಾತಿನ ಕರಾರಿಗೆ ಅಡ್ಡಿಯಿಲ್ಲ, ಆದರೆ ಇಬ್ಬರೂ ಒಂದೇ ಮಾತಿಗೆ ಬಂದಿದ್ದರು ಎಂದು ರುಜುವಾತು ಮಾಡುವ ಭಾರ ಹಾಗೆ ಹೇಳುವವನದು. ಆ ದಾವೆಯಲ್ಲಿ ಕೊಳ್ಳುವವರಿಗೆ ಅದು ಆಗಲಿಲ್ಲ, ಸೋತರು.

2016ರ ರೇರಾ ಕಾಯ್ದೆ ಏಜೆಂಟರೂ ನೋಂದಾಯಿಸಿಕೊಳ್ಳಬೇಕು ಎಂದಿತು. ಅದೆಲ್ಲ ದೊಡ್ಡ ಲೇಔಟು, ಅಪಾರ್ಟ್‌ಮೆಂಟುಗಳ ಲೋಕ. ಪೇಟೆ ಬೀದಿಯ ಹಳೇ ಮನೆ ಮಾರಿಸುವವನಿಗೆ ಅದರ ಬಿಸಿ ತಟ್ಟುವುದಿಲ್ಲ.

ಹಾಗಾಗಿ ಉಳಿಯುವುದು ಬ್ರೋಕರನ ಧರ್ಮವೇ. ಫೋನಿನ ಸ್ಪೀಕರ್ ಹಾಕಿ ಮನೆಯವನಿಂದಲೇ “ಇಷ್ಟಕ್ಕೆ ಒಪ್ಪಿದೀನಿ” ಎಂದು ಹೇಳಿಸಬಹುದು. ಇಲ್ಲವೇ ಇಬ್ಬರನ್ನೂ ಒಂದು ಜಗಲಿಯಲ್ಲಿ ಕೂರಿಸಿ, ಹಿರಿಯರಿಬ್ಬರನ್ನು ಕರೆದು, ಎಲೆ ಅಡಿಕೆಯ ಮೇಲೆ ಮುಂಗಡ ಇಡಿಸಿ, ಅಲ್ಲೇ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಸಬಹುದು. ಕಷ್ಟದ್ದೇನಲ್ಲ. ಆದರೂ ಹಿಂದೇಟು ಹಾಕುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: ಪಾರ್ಟಿಗಳು ನೇರ ಮಾತಾಡಿಕೊಂಡರೆ ತನ್ನನ್ನು ಬಿಟ್ಟು ಮುಗಿಸಿಬಿಟ್ಟಾರು, ಕಮಿಷನ್ ಹೋದೀತು. ಈ ಭಯ ಹುಸಿಯಲ್ಲ, ಎಷ್ಟೋ ಸಲ ಹಾಗೇ ಆಗುತ್ತದೆ. 1950ರಲ್ಲಿ ಕಲ್ಕತ್ತದ ಮನೆ ಮಾರಾಟವೊಂದರ ಸಂಬಂಧ ಅಬ್ದುಲ್ಲಾ ಅಹ್ಮದ್ ಎಂಬ ಬ್ರೋಕರ್ ಸುಪ್ರೀಂ ಕೋರ್ಟಿಗೆ ಹೋದಾಗ ಕೋರ್ಟು ಎರಡು ಮಾತು ಹೇಳಿತು. ಮಾರಾಟದ ಮಾತುಕತೆ ನಡೆಸು ಎಂದ ಮಾತ್ರಕ್ಕೆ ಮಾಲೀಕನನ್ನು ಕಟ್ಟಿಹಾಕುವ ಕರಾರು ಮಾಡಿಕೊಳ್ಳುವ ಅಧಿಕಾರ ಬ್ರೋಕರ್‌ಗೆ ಬರುವುದಿಲ್ಲ. ಆದರೆ ಸಿದ್ಧನಿರುವ ಗಿರಾಕಿಯನ್ನು ತಂದುಕೊಟ್ಟವನಿಗೆ ಕಮಿಷನ್ ಸಲ್ಲಬೇಕು, ಆಮೇಲೆ ಮಾಲೀಕ ನೇರವಾಗಿ ಮಾರಿಕೊಂಡರೂ ಕೂಡ. ಇಬ್ಬರ ಬಾಯನ್ನೂ ತನ್ನ ಬಾಯೊಳಗೇ ಇಟ್ಟುಕೊಂಡರೆ ಮಾತ್ರ ದುಡಿಮೆ ಎಂದುಕೊಂಡ ಬ್ರೋಕರ್‌ಗೆ ಈ ತೀರ್ಪಿನ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಕಮಿಷನ್ ಎಷ್ಟೆಂದು ಮೊದಲ ದಿನವೇ ಇಬ್ಬರೆದುರೂ ಬರೆಸಿಕೊಳ್ಳುವವನಿಗೆ ಅದರ ಅಗತ್ಯವೂ ಬೀಳುವುದಿಲ್ಲ.