ಹೃದಯಶುದ್ಧಿಯು ನಿತ್ಯಕಾಯಕ

ಪ್ರಾತಃಕಾಲದಲ್ಲಿ ಎದ್ದು, ಸ್ನಾನವನ್ನು ಮುಗಿಸಿ, ಭಸ್ಮಧಾರಣೆ ಮಾಡಿಕೊಂಡು, ಇಷ್ಟಲಿಂಗವನ್ನು ಕರಪೀಠದಲ್ಲಿರಿಸಿ ಅರ್ಚಿಸುವುದು ವೀರಶೈವ ಗೃಹಸ್ಥನ ನಿತ್ಯಧರ್ಮ. ಸ್ನಾನದಿಂದ ದೇಹದ ಮಲಿನತೆ ತೊಲಗುವುದು. ಗುಡಿಸಿ ಸಾರಿಸಿದರೆ ಪೂಜಾಗೃಹವು ಶುಚಿಯಾಗುವುದು. ಆದರೆ ಪೂಜಿಸುವ ಹೃದಯವು ಯಾವುದರಿಂದ ಶುಚಿಯಾಗಬೇಕು? "ಇಷ್ಟು ವರ್ಷ ಲಿಂಗಪೂಜೆ ಮಾಡಿದರೂ ಮನಸ್ಸಿನ ಕೊಳೆ ಹೋಗಲಿಲ್ಲವಲ್ಲ!" ಎಂದು ಅನೇಕ ಹಿರಿಯರು ಕೊರಗುವುದುಂಟು. ಈ ಕೊರಗು ನಿಷ್ಫಲವಲ್ಲ. ಅದು ಶುದ್ಧಿಯ ಮೊದಲ ಲಕ್ಷಣವೇ ಆಗಿದೆ. ಆದರೆ ಅದರ ಹಿಂದೆ ಒಂದು ತಪ್ಪು ತಿಳಿವಳಿಕೆ ಅಡಗಿರುತ್ತದೆ. ಹೃದಯಶುದ್ಧಿಯನ್ನು ಒಮ್ಮೆ ಸಂಪಾದಿಸಿ ಪೆಟ್ಟಿಗೆಯಲ್ಲಿಡುವ ಒಡವೆಯೆಂದು ಭಾವಿಸುವುದೇ ಆ ತಪ್ಪು.

ಇದನ್ನು ತಿಳಿಯಲು ಹೊಸಕೋಟೆಯ ಭಕ್ತರು ದೂರ ಹೋಗಬೇಕಾದುದಿಲ್ಲ. ತಮ್ಮ ಊರ ಕೆರೆಯ ಏರಿಯ ಮೇಲೆ ನಿಂತರೆ ಸಾಕು. 16ನೆಯ ಶತಮಾನದ ಅಂತ್ಯಭಾಗದಲ್ಲಿ ಸುಗಟೂರಿನ ಪ್ರಭುವಾದ ತಮ್ಮೇಗೌಡನು ಇಲ್ಲಿ ಹೊಸದಾಗಿ ಕೋಟೆಯನ್ನು ಕಟ್ಟಿಸಿದುದರಿಂದ ಊರಿಗೆ ಈ ಹೆಸರು ಬಂದಿತು. ದೊಡ್ಡ ಕೆರೆಯನ್ನು ಕಟ್ಟಿಸಿದವನೂ ಅವನೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣಪಿನಾಕಿನಿಯು ಈ ಕೆರೆಯ ಜೀವನಾಡಿ. ಒಳ್ಳೆಯ ಮಳೆಯಾದ ವರ್ಷ ನೀರು ಹರಿದುಬರುವ ದಾರಿಯಲ್ಲಿಯೇ ಮಣ್ಣೂ ಹರಿದುಬರುತ್ತದೆ. ಕೆರೆಯನ್ನು ತುಂಬಿಸುವ ಪ್ರವಾಹವೇ ಅದರ ಒಡಲಲ್ಲಿ ಹೂಳನ್ನೂ ತುಂಬಿಸುತ್ತದೆ. ಏರಿ ಭದ್ರವಾಗಿರಬಹುದು, ತೂಬು ಸರಿಯಾಗಿರಬಹುದು. ಆದರೂ ಹೂಳೆತ್ತದ ಕೆರೆಯಲ್ಲಿ ವರ್ಷದಿಂದ ವರ್ಷಕ್ಕೆ ನೀರಿಗೆ ಎಡೆ ಕಡಿಮೆಯಾಗುವುದು. ದಡದಲ್ಲಿ ನಿಂತು ನೋಡುವವನಿಗೆ ಅದು ತುಂಬಿದ ಕೆರೆಯೇ. ಇಳಿದು ನೋಡಿದವನಿಗೆ ಮಾತ್ರ ಮೊಣಕಾಲುದ್ದದ ನೀರು.

ಮಾನವನ ಹೃದಯವೂ ಹೀಗೆಯೇ. ಪಂಚೇಂದ್ರಿಯಗಳೆಂಬ ಐದು ಕಾಲುವೆಗಳಿಂದ ಅದಕ್ಕೆ ಅನುಭವವು ಹರಿದುಬರುವುದು. ಅದರೊಡನೆ ಆಸೆ, ಅಸೂಯೆ, ಅಭಿಮಾನಗಳೂ ಬರುವುವು. ಸಂಸಾರಿಯಾದವನು ಆ ಕಾಲುವೆಗಳನ್ನು ಮುಚ್ಚಲಾರನು, ಮುಚ್ಚಬೇಕೆಂದು ಶರಣರು ವಿಧಿಸಲೂ ಇಲ್ಲ. ಶ್ರೀಗುರುವು ದೀಕ್ಷಾಕಾಲದಲ್ಲಿ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವನ್ನು ನಿವಾರಿಸಿ, ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ಕಾರಣತನುವಿಗೆ ಭಾವಲಿಂಗವನ್ನೂ ಸಂಬಂಧಿಸಿ ಕೊಡುವನು. ಇದು ಗುರುಕಾರುಣ್ಯ. ಕೊಟ್ಟುದನ್ನು ನಿರ್ಮಲವಾಗಿ ಕಾಪಾಡಿಕೊಳ್ಳುವುದು ಶಿಷ್ಯನ ಹೊಣೆ. ಕೆರೆಯನ್ನು ಕಟ್ಟಿಸಿಕೊಟ್ಟವನೇ ಪ್ರತಿವರ್ಷವೂ ಬಂದು ಹೂಳನ್ನೆತ್ತುವನೆ?

ಬಸವಣ್ಣನವರು ತಮ್ಮ ಸುಪ್ರಸಿದ್ಧ ವಚನವೊಂದರಲ್ಲಿ ಏಳು ನಿಷೇಧಗಳನ್ನು ಹೇಳಿ, ಅಂತರಂಗದ ಶುದ್ಧಿಯೂ ಬಹಿರಂಗದ ಶುದ್ಧಿಯೂ ಅವುಗಳಲ್ಲಿಯೇ ಇವೆಯೆಂದು ತೋರಿಸಿದ್ದಾರೆ. ಚೌರ್ಯ, ಹಿಂಸೆ, ಅನೃತ, ಕೋಪ, ಪರರ ವಿಷಯದಲ್ಲಿ ಹೇವರಿಕೆ, ಆತ್ಮಪ್ರಶಂಸೆ, ಪರನಿಂದೆ ಎಂಬಿವೇ ಆ ಏಳು. ಮೊದಲನೆಯ ಮೂರನ್ನು ಲೋಕವು ಕಾಣಬಲ್ಲುದು. ಅವುಗಳಿಗೆ ನ್ಯಾಯಾಲಯವುಂಟು, ಪಂಚಾಯಿತಿಯುಂಟು. ಆದರೆ ಕೋಪವು ಹೊಗೆಯಾಡುತ್ತಿರುವುದನ್ನೂ ಹೇವರಿಕೆಯು ಒಳಗೆ ಕೊಳೆಯುತ್ತಿರುವುದನ್ನೂ ಹಿಡಿಯುವವರಾರು? ಸಜ್ಜನನೆನಿಸಿದ ಗೃಹಸ್ಥನು ಎಡವುವುದು ಸಾಮಾನ್ಯವಾಗಿ ಈ ಎರಡನೆಯ ಗುಂಪಿನಲ್ಲಿ.

ದೃಷ್ಟಾಂತಕ್ಕಾಗಿ ತಾಲ್ಲೂಕಿನ ಗೃಹಸ್ಥನೊಬ್ಬನನ್ನು ಭಾವಿಸೋಣ. ಆತನು ಸದಾಚಾರಿ. ಸುಗ್ಗಿಯಲ್ಲಿ ಮಠದ ದಾಸೋಹಕ್ಕೆ ರಾಗಿಯ ಮೂಟೆಗಳನ್ನು ಕೇಳುವ ಮೊದಲೇ ಕಳುಹಿಸುವನು. ಜಂಗಮರು ಬಂದರೆ ತಾನೇ ಪಾದವನ್ನು ತೊಳೆಯುವನು. ಆದರೆ ಆತನ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವೆ ಒಂದು ಬದು ಇದೆ. ಬೆಂಗಳೂರು ಬೆಳೆದು ಈ ಸೀಮೆಯ ಭೂಮಿಯ ಬೆಲೆ ಏರಿದಂತೆ, ಎರಡು ಮೊಳದ ಆ ಬದುವೂ ಬೆಳೆಯಿತು. ಈಗ ಅಣ್ಣತಮ್ಮಂದಿರು ಮಾತನಾಡಿ ಏಳು ವರ್ಷಗಳಾದುವು. ಲಿಂಗವನ್ನು ದಿಟ್ಟಿಸುವಾಗ ಆತನ ಕಣ್ಣು ಕರಪೀಠದಲ್ಲಿರುವುದು, ಚಿತ್ತವು ಮಾತ್ರ ಗಡಿಯ ಕಲ್ಲಿನ ಬಳಿ ಸುತ್ತುವುದು. ವೃದ್ಧಮಾತೆಯು ಒಂದು ದಿನ ಪ್ರಸಾದವನ್ನು ಕೈಯಲ್ಲಿ ಹಿಡಿದು, "ಮಗನೇ, ನಾಳೆ ನಾನು ಲಿಂಗೈಕ್ಯಳಾದರೆ ನೀವಿಬ್ಬರೂ ನನಗೆ ಹೆಗಲು ಕೊಡುತ್ತೀರೋ, ಇಲ್ಲವೆ ಅಲ್ಲಿಯೂ ಬದು ಹಾಕುತ್ತೀರೋ?" ಎಂದು ಕೇಳುತ್ತಾಳೆ. ಆತನ ಉತ್ತರ: "ಅವ್ವಾ, ನ್ಯಾಯ ನನ್ನ ಕಡೆಗಿದೆ."

ನ್ಯಾಯವು ನಿಜವಾಗಿಯೂ ಆತನ ಕಡೆಗೇ ಇರಬಹುದು. ಬಸವಣ್ಣನವರ ಏಳು ನಿಷೇಧಗಳಲ್ಲಿ ತನ್ನ ಭೂಮಿಯನ್ನು ಬಿಟ್ಟುಕೊಡಬೇಕೆಂಬ ಮಾತಿಲ್ಲ. ತಮ್ಮನನ್ನು ಕಂಡು ಹೇಸಬಾರದೆಂಬುದುಂಟು. ಬದುವಿನ ತೀರ್ಮಾನವನ್ನು ಅಳತೆಯ ಸರಪಳಿಯು ಮಾಡಲಿ. ಹೃದಯದ ತೀರ್ಮಾನವನ್ನು ತಾನೇ ಮಾಡಬೇಕು. ತಾನು ಸರಿಯೆಂಬ ಅರಿವು ದ್ವೇಷಕ್ಕೆ ಅನುಮತಿಯಲ್ಲ. ಅನ್ಯಾಯ ಮಾಡಿದವನು ಎಂದಾದರೂ ಪಶ್ಚಾತ್ತಾಪ ಪಡಬಹುದು. ನ್ಯಾಯದ ಹೆಸರಿನಲ್ಲಿ ದ್ವೇಷಿಸುವವನಿಗೆ ತನ್ನ ಹೃದಯದಲ್ಲಿ ಹೂಳಿದೆಯೆಂಬುದೇ ಗೋಚರಿಸುವುದಿಲ್ಲ. ಆದುದರಿಂದ ಅದು ಹೆಚ್ಚು ಆಳವಾದ ಹೂಳು.

ಈ ಸೂಕ್ಷ್ಮವನ್ನು ಅನ್ಯಧರ್ಮದ ಸಾಧಕರೂ ಕಂಡುಕೊಂಡಿದ್ದಾರೆ. ಯೇಸುಸ್ವಾಮಿಯು ತನ್ನ ಗಿರಿಪ್ರವಚನದಲ್ಲಿ ದೇವದರ್ಶನದ ಭಾಗ್ಯವನ್ನು ನಿರ್ಮಲಹೃದಯರಿಗೆ ಮೀಸಲಿಟ್ಟನು. 5ನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬ ಕ್ರೈಸ್ತಯತಿಯು, ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕೇಳಿದ ಉಪದೇಶಗಳನ್ನು ಗ್ರಂಥರೂಪದಲ್ಲಿ ಬರೆದಿಟ್ಟನು. ಉಪವಾಸ, ಜಾಗರಣೆ, ಶಾಸ್ತ್ರಪಠನಗಳು ಕೇವಲ ಉಪಕರಣಗಳು, ಹೃದಯಶುದ್ಧಿಯೇ ಅವುಗಳ ಗುರಿ ಎಂಬುದು ಅಲ್ಲಿನ ಮೊದಲ ಪಾಠ. ಅಪಾರ ಐಶ್ವರ್ಯವನ್ನೇ ತೊರೆದು ಬಂದವರು ಮುಂದೆ ಒಂದು ಚಿಕ್ಕ ಚೂರಿಗಾಗಿ, ಸೂಜಿಗಾಗಿ, ಲೇಖನಿಗಾಗಿ ಸಿಡುಕುವುದನ್ನು ಕಂಡು ಅಲ್ಲಿಯ ಹಿರಿಯರು ಎಚ್ಚರಿಸಿದ್ದಾರೆ. ಮೂಟೆಗಟ್ಟಲೆ ರಾಗಿಯನ್ನು ದಾಸೋಹಕ್ಕೆ ಕೊಟ್ಟು, ಎರಡು ಮೊಳದ ಬದುವಿಗಾಗಿ ತಮ್ಮನನ್ನು ಕಳೆದುಕೊಂಡ ಗೃಹಸ್ಥನಿಗೂ ಆ ಯತಿಗಳಿಗೂ ಭೇದವೇನು? ದೊಡ್ಡದನ್ನು ಬಿಡುವುದರಲ್ಲಿ ಕೀರ್ತಿಯಾದರೂ ಉಂಟು. ಸಣ್ಣದನ್ನು ಬಿಡುವಾಗ ನೋಡುವವರಿಲ್ಲ. ಹೃದಯದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಹಾಗಾದರೆ ಹೂಳನ್ನು ತೋರಿಸಿಕೊಡುವವರು ಯಾರು? ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದಿಂದ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಸತಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇದು ಕಾಯಕವೋ ಆಸೆಯೋ ಎಂದು ಪ್ರಶ್ನಿಸಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಮಾಡಿದರು. ಮಾರಯ್ಯನವರು ಕದ್ದುದಿಲ್ಲ, ಸುಳ್ಳಾಡಿದುದಿಲ್ಲ. ಲೋಕದ ಕಣ್ಣಿಗೆ ಅಲ್ಲಿ ದೋಷವೇ ಇರಲಿಲ್ಲ. ಆದರೂ ಮನೆಯಾಕೆ ಕಂಡಳು, ಹೇಳಿದಳು, ಅವರು ಕೇಳಿದರು. ಹೇಳಿದವಳ ನಿಷ್ಠುರತೆಯಷ್ಟೇ ಕೇಳಿದವರ ವಿನಯವೂ ದೊಡ್ಡದು. ಮನೆಯ ಹೆಣ್ಣುಮಕ್ಕಳು ಆಡುವ ಒಂದು ನೇರವಾದ ಮಾತು ಎಷ್ಟೋ ಸಲ ಗುರುವಾಕ್ಯದ ಕೆಲಸವನ್ನು ಮಾಡುವುದು. ಆ ವೃದ್ಧಮಾತೆಯ ಪ್ರಶ್ನೆಯೂ ಅಂತಹುದೇ.

ಆದುದರಿಂದ ಸದ್ಭಕ್ತನು ನಿತ್ಯವೂ ಪೂಜೆಗೆ ಕುಳಿತೊಡನೆ ಕ್ಷಣಕಾಲ ತನ್ನನ್ನು ತಾನೇ ಕೇಳಿಕೊಳ್ಳಲಿ: "ಈ ಹೊತ್ತು ಯಾರ ಮುಖವನ್ನು ನೆನೆದರೆ ನನ್ನ ಹೃದಯವು ಗಂಟಿಕ್ಕುವುದು?" ಆ ಮುಖವನ್ನೂ ಲಿಂಗದ ಮುಂದೆ ತಂದು, ಅವನಿಗೂ ಒಳ್ಳೆಯದಾಗಲೆಂದು ಪ್ರಾರ್ಥಿಸಲಿ. ಮೊದಲ ದಿನ ನಾಲಗೆ ಮಾತ್ರ ನುಡಿಯುವುದು, ಮನಸ್ಸು ಒಪ್ಪದು, ಚಿಂತೆಯಿಲ್ಲ. ಮರುದಿನವೂ ಪ್ರಾರ್ಥಿಸಲಿ. ರಾತ್ರಿ ಮಲಗುವ ಮುನ್ನ ಆ ದಿನ ತಾನು ಯಾರನ್ನು ಹಳಿದೆ, ಎಲ್ಲಿ ತನ್ನನ್ನು ಹೊಗಳಿಕೊಂಡೆ ಎಂದು ಎಣಿಸಿ ನೋಡಲಿ. ಸಾಧ್ಯವಾದಲ್ಲಿ ಬೆಳಗಾದೊಡನೆ ಹೋಗಿ ಒಂದು ಮಾತನಾಡಲಿ. ಒಂದೇ ದಿನದಲ್ಲಿ ಯಾವ ಕೆರೆಯ ಹೂಳೂ ತೀರದು. ಬುಟ್ಟಿ ಬುಟ್ಟಿಯಾಗಿಯೇ ಎತ್ತಬೇಕು.

ಕೆರೆಯಿಂದ ಎತ್ತಿದ ಗೋಡನ್ನು ರೈತನು ಬಿಸುಡುವುದಿಲ್ಲ. ಹೊಲಕ್ಕೆ ಹೊಡೆಸಿ ಗೊಬ್ಬರವಾಗಿ ಮಾಡಿಕೊಳ್ಳುವನು. ಹೃದಯದಿಂದ ಎತ್ತಿ ಒಪ್ಪಿಕೊಂಡ ದೋಷವೂ ಹಾಗೆಯೇ ವಿನಯವಾಗಿ, ದಯೆಯಾಗಿ ಬೆಳೆಯುವುದು. ತನ್ನ ಹೂಳನ್ನು ತಾನೇ ಹೊತ್ತವನು ಪರರ ಹೂಳನ್ನು ಕಂಡು ಹೇಸಲಾರನು. ಆ ಗೃಹಸ್ಥನು ತಮ್ಮನ ಬಾಗಿಲಿಗೆ ಹೋಗಿ, "ಬದುವಿನ ಮಾತು ಆಮೇಲೆ, ಅವ್ವ ನಿನ್ನನ್ನು ನೋಡಬೇಕೆನ್ನುತ್ತಾಳೆ, ಊಟಕ್ಕೆ ಬಾ" ಎಂದು ಕರೆದರೆ, ಅಂದು ಆತನ ಲಿಂಗಪೂಜೆ ಸಾರ್ಥಕವಾಗುವುದು. ತಮ್ಮನು ಬರಲಿ, ಬಾರದಿರಲಿ. ಕರೆದವನ ಹೃದಯದಲ್ಲಿ ಲಿಂಗಕ್ಕೆ ಅಷ್ಟು ಎಡೆ ದೊರೆಯುವುದು.

ಇತಿ ಶಿವಮ್.