ಎಳೆದವನ ಹೊಣೆ

ಯಲಹಂಕದ ಸಮೀಪದ ನಮ್ಮ ಪುಟ್ಟೇನಹಳ್ಳಿಗೂ ಪಡುವಣ ಕಡಲಿಗೂ ನಡುವೆ ಘಟ್ಟಗಳೇ ಅಡ್ಡವಾಗಿರುವುವು. ಇಲ್ಲಿ ನೀರೆಂದರೆ ಕೆರೆಯ ನೀರು; ಆ ಕೆರೆಯೂ 2015ರಿಂದ ಹಕ್ಕಿಗಳ ರಕ್ಷಣೆಗೆ ಮೀಸಲಾಗಿದೆ. ಇಂತಹ ಊರಿನಲ್ಲಿ ಕುಳಿತು ಕಡಲ ಹೆದ್ದೆರೆಗಳ ಆಟವೊಂದರ ಕಟ್ಟಳೆಗಳನ್ನು ವಿಚಾರಿಸುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಆ ಆಟದಿಂದ ಏಳುವ ಧರ್ಮಪ್ರಶ್ನೆ ನಮ್ಮನ್ನೂ ಮುಟ್ಟುವಂಥದು. ತನ್ನ ಶಕ್ತಿಯಿಂದ ಹೋಗಲಾರದ ಕಡೆಗೆ ಒಬ್ಬನನ್ನು ಎಳೆದೊಯ್ದವನು, ಅವನ ಯೋಗಕ್ಷೇಮಕ್ಕೆ ಎಷ್ಟರಮಟ್ಟಿಗೆ ಬಾಧ್ಯನು?

ಹಲಗೆಯ ಮೇಲೆ ನಿಂತು ತೆರೆಯನ್ನೇರುವ ಸರ್ಫಿಂಗ್ ಕನ್ನಡ ನಾಡಿಗೆ ಅಪರಿಚಿತವೇನೂ ಅಲ್ಲ. ಮೂಲ್ಕಿಯಲ್ಲಿ ಅದನ್ನು ಕಲಿಸುವವರಿದ್ದಾರೆ. ಸಸಿಹಿತ್ಲುವಿನ ತೀರದಲ್ಲಿ ದೇಶಮಟ್ಟದ ಸ್ಪರ್ಧೆಗಳು ನಡೆದಿವೆ. ಅಲ್ಲಿ ಆಟಗಾರನು ತನ್ನ ಕೈಗಳಿಂದಲೇ ನೀರನ್ನು ತಳ್ಳಿ ತೆರೆಯನ್ನು ಹಿಡಿಯುವನು. ಆದರೆ ಮರಗಳೆತ್ತರದ ಹೆದ್ದೆರೆ ಬರುವ ವೇಗಕ್ಕೆ ಮನುಷ್ಯನ ತೋಳು ಸಾಲದು. ಆದಕಾರಣ 1990ರ ದಶಕದಲ್ಲಿ ಹವಾಯಿ ದ್ವೀಪಗಳಲ್ಲಿ ಲೇರ್ಡ್ ಹ್ಯಾಮಿಲ್ಟನ್ ಮತ್ತು ಅವನ ಸಂಗಡಿಗರು ಮೊದಲು ಗಾಳಿದೋಣಿಯಿಂದಲೂ, ಬಳಿಕ ಜೆಟ್‌ಸ್ಕೀ ಎಂಬ ಯಂತ್ರವಾಹನದಿಂದಲೂ ಹಗ್ಗ ಕಟ್ಟಿ ಎಳೆಸಿಕೊಂಡು ಅಂತಹ ತೆರೆಗಳನ್ನು ಏರಿದರು. ವಾಹನದವನು ಎಳೆಯುವನು, ತೆರೆ ಸಿಕ್ಕೊಡನೆ ಆಟಗಾರನು ಹಗ್ಗವನ್ನು ಬಿಡುವನು.

ಅಲ್ಲಿಗೆ ಎಳೆದವನ ಕೆಲಸ ಮುಗಿಯಿತೆ? ಮುಗಿಯಲಿಲ್ಲವೆಂಬುದೇ ಈ ಆಟದ ಕಟ್ಟಳೆಗಳ ಸಾರ. ಹವಾಯಿಯಲ್ಲಿ ಶಿಕ್ಷಣ ಪಡೆದು ಪ್ರಮಾಣಪತ್ರ ಹೊಂದದವನು ಹೀಗೆ ಎಳೆಯುವಂತಿಲ್ಲ. ವಾಹನದ ಹಿಂದೆ ಬಿದ್ದವನನ್ನು ಹೇರಿಕೊಂಡು ಬರಲು ಒಂದು ತೆಪ್ಪವಿರಬೇಕು. ಹಗ್ಗ ಸಿಕ್ಕಿಕೊಂಡರೆ ಕತ್ತರಿಸಲು ಚಾಕುವಿರಬೇಕು. ನಡೆಸುವವನ ಮೈಗೆ ಕಟ್ಟಿದ ದಾರವೊಂದುಂಟು; ಅವನು ನೀರಿಗೆ ಬಿದ್ದರೆ ಅದು ಕಳಚಿ ಯಂತ್ರ ನಿಲ್ಲುವುದು. ಇವೆಲ್ಲ ತೆರೆಯನ್ನೇರುವುದಕ್ಕಾಗಿ ಬೇಕಾದುವಲ್ಲ. ಬಿದ್ದ ಮೇಲಿನ ಗಳಿಗೆಗಾಗಿ ಬೇಕಾದುವು. ಎಳೆಯಬಲ್ಲವನು ಎತ್ತಲೂ ಬಲ್ಲವನಾಗಿರಬೇಕೆಂಬುದು ಇವುಗಳ ಅರ್ಥ.

ಇದಕ್ಕೆ ಒಂದು ಆಕ್ಷೇಪವುಂಟು. “ಹಗ್ಗವನ್ನು ಹಿಡಿದವನು ಪ್ರಾಯಸ್ಥನು, ಬುದ್ಧಿವಂತನು; ಅಪಾಯವನ್ನು ತಾನೇ ವರಿಸಿದನು. ಅದರ ಫಲವೂ ಅವನದೇ” ಎನ್ನುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಪ್ಪಿಗೆಯು ಎಳೆದವನ ಮೇಲಿನ ನಿಂದೆಯನ್ನು ಕಳೆಯಬಹುದಲ್ಲದೆ ಅವನ ಕರ್ತವ್ಯವನ್ನು ಕಳೆಯಲಾರದು. 2013ರಲ್ಲಿ ಪೋರ್ಚುಗಲ್ಲಿನ ನಜರೆ ಎಂಬಲ್ಲಿ ಬ್ರೆಜಿಲಿನ ಮಾಯಾ ಗಬೇರಾ ಎಂಬಾಕೆ ಹೆದ್ದೆರೆಯಿಂದ ಬಿದ್ದು ಎಚ್ಚರತಪ್ಪಿದಳು. ಆಕೆಯನ್ನು ಎಳೆದೊಯ್ದಿದ್ದ ಕಾರ್ಲೋಸ್ ಬುರ್ಲೆ ನೊರೆಯೊಳಕ್ಕೆ ಹಿಂದಿರುಗಿ ಆಕೆಯನ್ನು ದಡ ಸೇರಿಸಿದನು. ಮರಳಿನ ಮೇಲೆ ಉಪಚಾರವಾಗಿ ಆಕೆ ಬದುಕಿದಳು. ಆಕೆಯ ಒಪ್ಪಿಗೆಯನ್ನು ನೆನೆದು ಅವನು ದೂರದಲ್ಲಿಯೇ ನಿಂತಿದ್ದರೆ ಯಾವ ತರ್ಕವೂ ಅವನನ್ನು ನಿರ್ದೋಷಿಯನ್ನಾಗಿ ಮಾಡುತ್ತಿರಲಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ರಕ್ಷಣೆಯ ಸಾಧನಗಳು ಹೆಚ್ಚಿದಷ್ಟೂ ದುಡುಕು ಹೆಚ್ಚುವುದೆಂಬ ಭಯವದು. 2010ರಲ್ಲಿ ಕ್ಯಾಲಿಫೋರ್ನಿಯದ ಮ್ಯಾವರಿಕ್ಸ್‌ನಲ್ಲಿ ಮುಳುಗಿ ಸಾವಿನಂಚಿನಿಂದ ಬಂದ ಶೇನ್ ಡೋರಿಯನ್, ಎಳೆದೊಡನೆ ಗಾಳಿ ತುಂಬಿ ಮೇಲಕ್ಕೆತ್ತುವ ಅಂಗಿಯೊಂದನ್ನು ಮಾಡಿಸಲು ಕಾರಣನಾದನು. ಅದರಿಂದ ಪ್ರಾಣಗಳು ಉಳಿದಿವೆ. ಅದನ್ನು ತೊಟ್ಟ ಧೈರ್ಯದಿಂದ ಯೋಗ್ಯತೆಯಿಲ್ಲದೆ ನೀರಿಗಿಳಿಯುವವರೂ ಇದ್ದಾರು. ಆದರೆ ಈ ದೋಷವು ಅಂಗಿಯದಲ್ಲ. ಅಂಗಿಯು ಶಿಕ್ಷಣದ ಜೊತೆಗೆ ಬರತಕ್ಕದ್ದು, ಅದರ ಬದಲಿಗಲ್ಲ.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ಬಯಲುಸೀಮೆಯ ಮಗುವೊಂದು ತಾನಾಗಿ ಕಡಲಿಗೆ ಹೋಗದು. ಹಿರಿಯರು, ಉಪಾಧ್ಯಾಯರು ಕರೆದೊಯ್ಯುವರು. ಇದೂ ಒಂದು ಬಗೆಯ ಎಳೆತವೇ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಸೀಮೆಯಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಯಾರ ತಪ್ಪು ಎಷ್ಟೆಂಬುದನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹೆದ್ದೆರೆಯ ಆಟಗಾರನಿಗಿರುವ ಒಪ್ಪಿಗೆಯ ಬಲವೂ ಮಗುವಿಗಿಲ್ಲ. ದಡದ ಮುರಿದ ತೆರೆಗಳ ನಡುವೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ವೇಳೆ ಕಡಲಿನತ್ತ ಸೆಳೆಯುವ ಒಳಹರಿವಾಗಿರುವುದೆಂದು ಅದಕ್ಕೆ ತಿಳಿಯದು. ಆ ಸೆಳವಿಗೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕೆಂಬುದೂ ತಿಳಿಯದು. ಈಜೇ ಬಾರದ ಮಗುವಿಗೆ ಆ ತಿಳಿವಿನಿಂದಲೂ ಪ್ರಯೋಜನವಿಲ್ಲ.

ಆದುದರಿಂದ ಪ್ರವಾಸದ ಚೀಟಿಗೆ ರುಜು ಹಾಕುವ ಮೊದಲು ತಂದೆತಾಯಿಗಳು ಕೆಲವು ಪ್ರಶ್ನೆಗಳನ್ನು ಕೇಳುವುದು ಅವಿನಯವಾಗದು. ನೀರಿಗಿಳಿಸುವ ಯೋಚನೆಯುಂಟೆ? ಆ ತೀರದಲ್ಲಿ ಜೀವರಕ್ಷಕರಿದ್ದಾರೆಯೆ? ತೇಲುವ ಬಳೆ, ಹಗ್ಗ ಇವೆಯೆ? ಜೊತೆಗಿರುವವರಲ್ಲಿ ಈಜಬಲ್ಲವರು ಎಷ್ಟು ಮಂದಿ? ಕೆಂಪು ಬಾವುಟ ಹಾರುತ್ತಿದ್ದರೆ, ಮಕ್ಕಳು ಎಷ್ಟು ಅತ್ತರೂ ಹಿಂದಿರುಗುವ ದೃಢತೆ ಅವರಿಗುಂಟೆ? ಉತ್ತರ ದೊರೆಯದಿದ್ದಲ್ಲಿ ಮಗುವು ಮರಳಿನ ಮೇಲೆ ನಿಂತೇ ಕಡಲನ್ನು ನೋಡಿ ಬರಲಿ. ಅದರಿಂದ ಮಗುವಿಗೆ ಆಗುವ ನಿರಾಸೆ ಒಂದು ದಿನದ್ದು. ಅದನ್ನು ಸಹಿಸಿಕೊಳ್ಳುವುದೂ ಕರೆದೊಯ್ದವರ ಹೊಣೆಯೊಳಗೇ ಸೇರಿದೆ.